ಹವಳದ ಹಿಂಡು

ಹವಳಕ್ಕೆ ಕುರಿಯ ಹೆಸರಿಟ್ಟವಳು ನಾನೇ, ಅದಕ್ಕೆ ನಾಚಿಕೆಯೇನೂ ಇಲ್ಲ. ಲಕ್ಷದ್ವೀಪದ ಒಂದು ನಡುಗಡ್ಡೆಯ ಬಳಿ, ಎದೆಮಟ್ಟದ ನೀರಿನಲ್ಲಿರುವ ಇಪ್ಪತ್ತಮೂರು ಹವಳದ ಬಂಡೆಗಳ ಆರೋಗ್ಯ ನೋಡುವುದು ಮೂರು ವರ್ಷದಿಂದ ನನ್ನ ಕೆಲಸ. ಬೇರೆಯವರು ನಂಬರ್ ಬರೆಯುತ್ತಾರೆ. ಪರಶುರಾಂಪುರದ ಕುರಿರೊಪ್ಪದಲ್ಲಿ ಬೆಳೆದವಳಿಗೆ ನಂಬರ್ ಎಲ್ಲಿ ನೆನಪಿರಬೇಕು? ಅಂಚು ಮುರಿದದ್ದು ಮೊಂಡಗಿವಿ, ನಡುವೆ ಬಿರುಕಿದ್ದದ್ದು ಸೀಳ್ಮೂತಿ. ಫೋಟೋ ಕಳಿಸಿದಾಗಲೆಲ್ಲ ನನ್ನವ್ವ ಕೆಂಚಕ್ಕನೂ ಒಂದೊಂದರ ಯೋಗಕ್ಷೇಮ ಕೇಳುತ್ತಿದ್ದಳು.

ಈ ಬೇಸಿಗೆಯಲ್ಲಿ ಸಮುದ್ರ ಕಾದು ಇಪ್ಪತ್ತಮೂರೂ ಸುಣ್ಣದಂತೆ ಬೆಳ್ಳಗಾದವು. ಬೆಳ್ಳಗಾದ ಮಾತ್ರಕ್ಕೆ ಸತ್ತವು ಅಂತಲ್ಲ. ನೀರು ತಂಪಾದರೆ ಬಣ್ಣ ಮರಳಬಹುದು. ಪಾಚಿ ಹತ್ತಿತೋ, ಮುಗಿಯಿತು. ಅದೇ ಹೊತ್ತಿಗೆ ನನಗೆ ಕಾಮಾಲೆ! ಚಳ್ಳಕೆರೆ ಆಸ್ಪತ್ರೆಗೆ ತೋರಿಸಿ, ಒಂದೂವರೆ ತಿಂಗಳು ಊರಲ್ಲಿ ಮಲಗಿದೆ. ನನ್ನ ಬದಲು ನೀರಿಗಿಳಿದ ತಂಡ ಫೋಟೋ ಕಳಿಸಿತು. ಎಲ್ಲದರ ಮೇಲೂ ಹಸಿರು ಪಾಚಿ.

ನಮ್ಮ ಮುಖ್ಯಸ್ಥರು ಓಂಕಾರಮೂರ್ತಿ ಫೋನ್ ಮಾಡಿದರು. "ಪವಿತ್ರ, ಆ ಜಾಗ ಹೋಯ್ತಮ್ಮ. ಸತ್ತಿದೆ ಅಂತ ನಾಳೆ ವರದಿ ಕೊಡ್ತೀನಿ. ರಕ್ಷಣೆಯ ಪಟ್ಟಿಯಿಂದ ತೆಗೀತಾರೆ. ಆಮೇಲೆ ದೋಣಿಗಳು ಅಲ್ಲೇ ಲಂಗರು ಹಾಕ್ತವೆ."

ನಾನು ಗೊಳೋ ಎಂದು ಅತ್ತೆ. ಅವ್ವ ಲ್ಯಾಪ್‌ಟಾಪ್ ಎಳೆದುಕೊಂಡು ಒಂದೊಂದೇ ಫೋಟೋ ನೋಡಿದಳು. ಬೇರೆಯವರ ಕುರಿ ನಮ್ಮ ಹಿಂಡಿಗೆ ಬೆರೆತಾಗ ಹುಡುಕುತ್ತಾಳಲ್ಲ, ಅದೇ ಕಣ್ಣು.

"ಇದ್ಯಾರ ಹಿಂಡೇ?" ಎಂದಳು.

"ನಮ್ದೇ ಕಣವ್ವ. ಎಲ್ಲಾ ಸತ್ತೋದ್ವು."

"ನಿನ್ ತಲೆ! ಸತ್ರೆ ಮುಖ ಬದಲಾಗ್ತೈತಾ? ಇದ್ರಾಗೆ ಮೊಂಡಗಿವಿ ಎಲ್ಲೈತೆ ತೋರ್ಸು. ಸೀಳ್ಮೂತಿ ಎಲ್ಲೈತೆ?"

ಕಣ್ಣೊರೆಸಿಕೊಂಡು ನೋಡಿದೆ. ಒಂದೂ ಇಲ್ಲ! ಥೂ ನನ್ನ, ಪಾಚಿ ಕಂಡು ಎದೆ ಒಡೆದುಕೊಂಡು, ಮುಖ ನೋಡುವುದನ್ನೇ ಮರೆತಿದ್ದೆ.

ಕೂಡಲೇ ಫೋನ್ ಮಾಡಿ ಹೇಳಿದರೆ ಓಂಕಾರಮೂರ್ತಿ ನಂಬಲಿಲ್ಲ. "ಜಿಪಿಎಸ್ ಸುಳ್ಳು ಹೇಳುತ್ತೇನಮ್ಮ?" ಎಂದು ನಕ್ಕರು. ಅವ್ವ ಫೋನ್ ಕಿತ್ತುಕೊಂಡಳು.

"ಸಾಮಿ, ನಲವತ್ತು ವರ್ಷದಿಂದ ಕುರಿ ಕಾಯ್ತಿದೀನ್ರಿ. ಅವು ನಮ್ಮವಲ್ಲ. ಬದುಕಿರೋದನ್ನ ಸತ್ತೋಯ್ತು ಅಂತ ಬರೀಬ್ಯಾಡ್ರಿ. ಇನ್ನೊಂದ್ಸಲ ಇಳ್ದು ನೋಡ್ಸ್ರಿ!"

ಆ ದನಿಗೆ ನಮ್ಮ ಟಗರುಗಳೇ ಹೆದರುತ್ತವೆ. ವರದಿ ಒಂದು ದಿನ ನಿಂತಿತು.

ಮರುದಿನ ನನ್ನ ಹಳೆಯ ಫೋಟೋಗಳನ್ನು ಹಿಡಿದು ಗೆಳತಿ ಶೈಲಜಾ ನೀರಿಗಿಳಿದಳು. ಮಧ್ಯಾಹ್ನ ಫೋನ್ ಬಂತು.

"ಪವೀ, ಆ ತಂಡದವರು ಜಿಪಿಎಸ್‌ನಲ್ಲಿ ಒಂದಂಕಿ ತಪ್ಪಾಗಿ ಒತ್ತಿ ಇನ್ನೂರು ಮೀಟರ್ ಆಚೆ ಇಳಿದಿದ್ರು ಕಣೇ! ನಿನ್ನವು ಇಲ್ಲೇ ಇದಾವೆ. ಬಣ್ಣ ಬರ್ತಾ ಇದೆ!"

ಫೋಟೋ ತೆರೆದೆವು. ಮೊಂಡಗಿವಿಯ ಮೇಲೆ ತಿಳಿಗಂದು ಬಣ್ಣ. ಸೀಳ್ಮೂತಿಯ ಮೇಲೂ. ಎರಡು ನಿಜವಾಗಿಯೂ ಸತ್ತಿದ್ದವು. ಅವ್ವ ಅವುಗಳ ಹೆಸರು ಹೇಳಿ ಲೊಚಗುಟ್ಟಿದಳು. ಉಳಿದ ಇಪ್ಪತ್ತೊಂದು ಬದುಕಿದ್ದವು. ಸಂಜೆ ಓಂಕಾರಮೂರ್ತಿಯವರೇ ಫೋನ್ ಮಾಡಿ, "ಜಾಗ ಪಟ್ಟಿಯಲ್ಲೇ ಉಳೀತು. ನಿಮ್ಮವ್ವನಿಗೆ ಕೈ ಮುಗಿದೆ ಅಂತ ಹೇಳಮ್ಮ" ಅಂದರು.

ಹೇಳೋಣವೆಂದರೆ ಅವ್ವ ಮನೆಯಲ್ಲೆಲ್ಲಿದ್ದಳು? ಆಗಲೇ ಬೀದಿಗಿಳಿದು, "ಇಪ್ಪತ್ತೊಂದು ಉಳ್ಕಂಡ್ವು ಕಣ್ರೇ!" ಎಂದು ಕೂಗುತ್ತಿದ್ದಳು.

ಪಕ್ಕದ ಮನೆಯ ಸುನಿತಾ ಗಾಬರಿಯಿಂದ ಓಡಿ ಬಂದಳು. "ಯಾರ ಕುರಿ, ಕೆಂಚಕ್ಕ?"

ಒಮ್ಮೆಯೂ ಸಮುದ್ರ ಕಾಣದ ನನ್ನವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೇಳಿದಳು:

"ಸಮುದ್ರದಾಗಿನವು. ನಮ್ಮವೇ."