ಇನ್ನೂರ ಹದಿನೈದನೆಯ ಫೈಲು

ಬಸ್ ನಿಲ್ದಾಣದಲ್ಲಿ ಹೊರಡುವ ಬಸ್ಸುಗಳ ಊರು, ಹೊತ್ತು ಹೇಳುವ ಅನೌನ್ಸರನಿಗೆ ಅವನ ಅಕ್ಕ ಇಟ್ಟ ಹೆಸರು ಮೈಕು. ಅವನಿಗೆ ಹುಟ್ಟಿನಿಂದ ಕಣ್ಣು ಕಾಣದು. ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಬಿಡುವು. ಮೂರು ದಿನದಿಂದ ಆ ಬಿಡುವನ್ನೆಲ್ಲ ಎದುರಿನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕಳೆಯುತ್ತಿದ್ದ.

"ಇವತ್ತೂ ಎಪ್ಪತ್ತೊಂದು ಪರ್ಸೆಂಟಿಗೇ ನಿಂತಿದೆ ಸರ್," ಎಂದಳು ಅಂಗಡಿಯಾಕೆ. "ನಿಮ್ಮ ಬಸ್ಸುಗಳ ಥರಾನೇ."

"ನಮ್ಮ ಬಸ್ಸು ತಡ ಆದ್ರೂ ಹೊರಡುತ್ತೆ ಮೇಡಮ್."

ಹಳೆಯ ಫೋನಿನ ಬ್ಯಾಟರಿ ಉಬ್ಬಿಕೊಂಡಿತ್ತು. ದಿನಕ್ಕೆ ಎರಡು ಮೂರು ಸಲ ತಾನಾಗಿಯೇ ಆರಿಹೋಗುತ್ತಿತ್ತು. ಹೊಸ ಫೋನು ಕೊಂಡಿದ್ದಾಗಿತ್ತು. ನಂಬರುಗಳು, ಮೆಸೇಜುಗಳು ಎಲ್ಲ ಅದಕ್ಕೆ ಬಂದಿದ್ದವು. ಒಂದು ಆಪ್ ಮಾತ್ರ ಬರಲೊಲ್ಲದು. ಬ್ಯಾಕಪ್ ಅದರ ಹತ್ತಿರ ಬಂದು ಮುಗ್ಗರಿಸುತ್ತಿತ್ತು. ಆಪ್ ತೆಗೆದು ಮತ್ತೆ ಹಾಕಿದರೆ ಸರಿಹೋದೀತು. ಆದರೆ ತೆಗೆದರೆ ಅದರೊಳಗಿನ ಅಕ್ಕನ ದನಿಯೂ ಹೋಗುತ್ತಿತ್ತು.

ಮೈಕುವಿನ ಮನೆಯ ಡಬ್ಬಿ, ಬಾಟಲಿ, ಅಂಗಿಗಳಿಗೆಲ್ಲ ಗುಂಡಿಯಷ್ಟಗಲದ ಬಿಲ್ಲೆ ಅಂಟಿಸಿತ್ತು. ಆ ಆಪ್ ತೆರೆದು ಫೋನನ್ನು ಬಿಲ್ಲೆಯ ಹತ್ತಿರ ಹಿಡಿದರೆ, ಅಕ್ಕ ರೆಕಾರ್ಡ್ ಮಾಡಿಟ್ಟ ದನಿ ಅದು ಏನೆಂದು ಹೇಳುತ್ತಿತ್ತು. 'ಕಪ್ಪು ಪ್ಯಾಂಟು. ಹಿಂದೆ ಕಲೆ ಇದೆ. ನಿನಗೆ ಕಾಣಲ್ಲ ಅಂತ ಊರಿಗೆಲ್ಲ ತೋರಿಸ್ಬೇಡ.' 'ಇದು ಪಾತ್ರೆ ತೊಳೆಯೋ ಸೋಪು. ಶಾಂಪೂ ಅಲ್ಲ. ಒಂದು ಸಲ ಆಗಿದ್ದು ಸಾಕು.' ಇಂಥವು ಇನ್ನೂರ ಹದಿನಾಲ್ಕು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮದುವೆಯಾದ ಅಕ್ಕ, ಕಳೆದ ವರ್ಷ ಒಂದು ಹಗಲಿನ ದಾರಿಯ ಗಂಡನ ಊರಿಗೆ ಹೊರಡುವ ಮುನ್ನ ಒಂದು ತಿಂಗಳು ಕೂತು ಮಾಡಿಟ್ಟು ಹೋದ ಕೆಲಸ ಅದು. ಅದರ ಬಲದ ಮೇಲೆ ಅವನು ಒಬ್ಬನೇ ಬದುಕುತ್ತಿದ್ದ.

ಆ ಆಪ್ ಕೆಟ್ಟಿದೆಯೆಂದು ತಿಳಿದರೆ ಅಕ್ಕ ನಾಳೆಯೇ ಬಂದಿಳಿಯುತ್ತಾಳೆ. ಒಂದು ತಿಂಗಳು ಎರಡಾಗುತ್ತದೆ, ಎರಡು ಆರಾಗುತ್ತದೆ. ತಮ್ಮನನ್ನು ಬಿಟ್ಟು ಹೇಗಿರಲಿ ಎಂದು ಇಪ್ಪತ್ತು ವರ್ಷ ಬಂದ ಸಂಬಂಧಗಳನ್ನೆಲ್ಲ ವಾಪಸ್ ಕಳಿಸಿದವಳು ಅವಳು. ಅದಕ್ಕೇ ಅವಳು 'ಬಂದು ಹೋಗ್ಲೇನೋ' ಎಂದಾಗಲೆಲ್ಲ, ನಿಲ್ದಾಣದಲ್ಲಿ ಕೆಲಸ ಜಾಸ್ತಿ ಎಂದು ಸುಳ್ಳು ಹೇಳುತ್ತಿದ್ದ.

ಅಂಗಡಿಯಾಕೆ ಹಳೆಯ ಫೋನಿಗೆ ವೈರು ಸಿಕ್ಕಿಸಿ ಕಂಪ್ಯೂಟರಿನಲ್ಲಿ ಆಪ್‌ನ ಫೋಲ್ಡರನ್ನೇ ತೆರೆದಳು. ಮೌಸಿನ ಚಕ್ರ ತಿರುಗುವ ಸದ್ದು ಬಹಳ ಹೊತ್ತು ಕೇಳಿಸಿತು.

"ಸರ್, ಬಿಲ್ಲೆ ಎಷ್ಟು ಅಂದ್ರಿ?"

"ಇನ್ನೂರ ಹದಿನಾಲ್ಕು."

"ಇಲ್ಲಿ ಫೈಲು ಇನ್ನೂರ ಹದಿನೈದಿವೆ. ಎಲ್ಲಾ ಸಾಸಿವೆಕಾಳಿನಷ್ಟು, ಒಂದು ಮಾತ್ರ ಕುಂಬಳಕಾಯಿ. ಒಂಬತ್ತು ಗಂಟೆ ರೆಕಾರ್ಡ್ ಆಗಿದೆ. ನಿಲ್ಲಿಸೋದು ಮರೆತಿರ್ಬೇಕು. ಬ್ಯಾಟರಿ ಖಾಲಿಯಾಗಿ ಅರ್ಧಕ್ಕೇ ಮುರಿದುಬಿದ್ದಿದೆ. ಬ್ಯಾಕಪ್ಪಿಗೆ ಗಂಟಲಲ್ಲಿ ಸಿಕ್ಕಿಕೊಳ್ತಿರೋದು ಇದೇ."

"ಏನಿದೆ ಅದರಲ್ಲಿ?"

"ಎಷ್ಟು ಓಡುತ್ತೋ ನೋಡೋಣ."

ಮೊದಲು ಕೇಳಿದ್ದು ಅಕ್ಕನ ಉಸಿರು. 'ಹಿಟ್ಟಿನ ಡಬ್ಬಿ. ಆಯ್ತು. ನಿಲ್ಲಿಸೋ ಬಟನ್ನು ಎಲ್ಲಿ? ಇಲ್ಲಿದೆ.' ಆದರೆ ರೆಕಾರ್ಡಿಂಗು ನಿಲ್ಲಲಿಲ್ಲ. ಸ್ಟೂಲಿಗೆ ಏನೋ ಬಡಿದ ಸದ್ದು. 'ಅಬ್ಬಾ, ಮೊಣಕಾಲು. ಈ ಟವಲು ಬಿಚ್ಚಿಬಿಡ್ಲಾ? ಬೇಡ. ಅವನಿಗೆ ಬಿಚ್ಚೋಕಾಗುತ್ತಾ?'

ಮೈಕು ಮೇಜಿನ ಅಂಚು ಹಿಡಿದುಕೊಂಡ. ಅಕ್ಕ ಕಣ್ಣಿಗೆ ಟವಲು ಕಟ್ಟಿಕೊಂಡು ಅಡುಗೆಮನೆಯಲ್ಲಿ ತಡಕಾಡುತ್ತಿದ್ದಳು. ಮುಚ್ಚಳ ಬಿದ್ದು ಉರುಳಿತು. 'ಮುಚ್ಚಳಕ್ಕೆ ಅಂಟಿಸಿದ್ರೆ ಅದಲು ಬದಲಾಗುತ್ತೆ. ಡಬ್ಬಿಗೇ ಅಂಟಿಸ್ಬೇಕು. ಎಲ್ಲಾನೂ ಕಿತ್ತು ಮತ್ತೆ ಅಂಟಿಸ್ಬೇಕು ಇನ್ನು.' ಕುರ್ಚಿ ಎಳೆದು ಕೂತಳು. ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಮೆಲ್ಲಗೆ, 'ಅವನೇನೋ ಮಾಡ್ಕೋತಾನೆ. ಬಿಟ್ಟಿರೋಕೆ ನನಗೇ ಬರಲ್ಲ.' ಮೂಗು ಒರೆಸಿಕೊಂಡು ಎದ್ದಳು. ನಲ್ಲಿ ತಿರುಗಿಸಿದಳು. ನೀರು ಬೀಳುತ್ತಿರುವಾಗಲೇ ದನಿ ತುಂಡಾಗಿ ರೆಕಾರ್ಡಿಂಗು ನಿಂತುಹೋಯಿತು.

"ಹನ್ನೊಂದು ನಿಮಿಷ ಅಷ್ಟೇ ಓಡೋದು," ಎಂದಳು ಅಂಗಡಿಯಾಕೆ. ಅವಳ ದನಿಯೂ ತಗ್ಗಿತ್ತು. "ಫೈಲು ಅಳಿಸಿದ್ರೆ ಬ್ಯಾಕಪ್ ಮುಗಿಯುತ್ತೆ. ಅದಕ್ಕೆ ಮುಂಚೆ ಈ ಹನ್ನೊಂದು ನಿಮಿಷ ಬೇರೆ ತೆಗೆದಿಡ್ಲಾ ಸರ್?"

ಹೊರಗೆ ಬಸ್ಸೊಂದು ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು.

"ಬೇಡ ಮೇಡಮ್. ಅದು ಅವಳು ನನಗೆ ಹೇಳಿದ್ದಲ್ಲ."

"ಖಂಡಿತಾನಾ? ಅಳಿಸಿದ್ರೆ ಮತ್ತೆ ಸಿಗಲ್ಲ."

"ಅಳಿಸಿ."

ಎಪ್ಪತ್ತೊಂದು ದಾಟಿತು. ಎಂಬತ್ತು, ತೊಂಬತ್ತು ಎಂದು ಅವಳು ಓದುತ್ತ ಹೋದಳು. ನೂರಾದ ಮೇಲೆ, ಹೊಸ ಫೋನಿನಲ್ಲಿ ಆಪ್ ತೆರೆದು, "ಸರ್, ಸ್ವಲ್ಪ ಕಾಲರು" ಎಂದು ಅವನ ಅಂಗಿಯ ಕಾಲರಿನ ಒಳಗಿನ ಬಿಲ್ಲೆಗೆ ತಾಗಿಸಿದಳು. 'ಬೂದು ಅಂಗಿ,' ಎಂದಳು ಅಕ್ಕ. 'ಇದರಲ್ಲಿ ಲಕ್ಷಣವಾಗಿ ಕಾಣ್ತೀಯ. ಜಂಬ ಪಡ್ಬೇಡ.'

"ಸುಳ್ಳೇನೂ ಹೇಳಿಲ್ಲ ಬಿಡಿ," ಎಂದು ಅಂಗಡಿಯಾಕೆ ಫೋನನ್ನು ಅವನ ಕೈಗಿಟ್ಟಳು.

ಮೂರೂ ಇಪ್ಪತ್ತಾಗಿತ್ತು. ಅಂಗಡಿಯ ಮೆಟ್ಟಿಲಲ್ಲೇ ನಿಂತು ಅವನು ಅಕ್ಕನಿಗೆ ಫೋನು ಮಾಡಿದ.

"ಅಕ್ಕ, ಮುಂದಿನ ವಾರ ಬಾ."

"ಯಾಕೋ, ಹುಷಾರಿಲ್ವಾ? ಏನಾದ್ರೂ ಕೆಟ್ಟುಹೋಯ್ತಾ?"

"ಕೆಟ್ಟಿದ್ದು ಸರಿಯಾಯ್ತು. ಭಾವನ್ನೂ ಕರ್ಕೊಂಡು ಬಾ. ಎರಡು ದಿನ ಇದ್ದು ಹೋಗಿ. ಅಡುಗೆ ನಂದು."

"ನನಗೇನು ಕೆಲಸ?"

"ಏನೂ ಇಲ್ಲ. ಸುಮ್ನೆ ಕೂತ್ಕೊಂಡು ಊಟ ಮಾಡು."

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿಸಿತು.

"ನಿಮ್ಮ ಭಾವ ಸಿಕ್ಕಾಪಟ್ಟೆ ತಿಂತಾರೆ ಕಣೋ," ಎಂದಳು ಅಕ್ಕ. "ಈಗಲೇ ಹೇಳಿರ್ತೀನಿ."