ಸಮಿತಿಯ ಕಿವಿಯಲ್ಲಿ ಹತ್ತಿ

ರಾಯಚೂರಿನ ನಮ್ಮ ವಿಶ್ವವಿದ್ಯಾಲಯದಲ್ಲಿ ಯಾವ ವಿಭಾಗ ಏನು ಸಂಶೋಧನೆ ಮಾಡುತ್ತದೆ ಎಂದು ತಿಳಿಯಲು ವಾರ್ಷಿಕ ವರದಿ ಓದಬೇಕಿಲ್ಲ. ಕ್ಯಾಂಟೀನಿನಲ್ಲಿ ನನ್ನ ಪಕ್ಕ ಕೂತು ಒಂದು ಚಹಾ ಕುಡಿಸಿದರೆ ಸಾಕು, ಎಲ್ಲರ ದನಿಯನ್ನೂ ನನ್ನ ಗಂಟಲಲ್ಲೇ ತೆಗೆದು ತೋರಿಸುತ್ತೇನೆ. ಭತ್ತದ ಪ್ರೊಫೆಸರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು ಗಿರಣಿ ಶುರುವಾದಂತೆ ಕೇಳಿಸುತ್ತದೆ. ಅವರದು ಅನುದಾನ ಎಂದೂ ಬತ್ತದ ವಿಭಾಗ. ಕೀಟಶಾಸ್ತ್ರದವರು ಹತ್ತಿ ಕೊರೆಯುವ ಹುಳದ ಬಗ್ಗೆ ತೊಟ್ಟಿಲ ಕೂಸಿನ ಸುದ್ದಿ ಹೇಳುವ ಹಾಗೆ ಮೆಲ್ಲಗೆ ಮಾತಾಡುತ್ತಾರೆ. ಡ್ರೋನ್ ಹಾರಿಸುವ ಎಂಜಿನಿಯರುಗಳ ಕಣ್ಣು ಸದಾ ಮೇಲೆ, ಆದ್ದರಿಂದ ಮೆಟ್ಟಿಲ ಮೇಲೆ ಎಡವುತ್ತಾರೆ. ರಸಾಯನಶಾಸ್ತ್ರದವರು ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ ಕುದಿಸಿ ಬಣ್ಣ ತೆಗೆಯುತ್ತಾರೆ. ಅವರ ಬೆರಳು ನೋಡಿದರೆ ವರ್ಷವಿಡೀ ಹೋಳಿ.

ಇಷ್ಟೆಲ್ಲದರ ನಡುವೆ ನೌಶೀನ್‌ಳದು ಕುರಿ ಕುರಿತ ಸಂಶೋಧನೆ.

ನೌಶೀನ್ ಮಾನ್ವಿಯ ಹುಡುಗಿ. ಅವಳ ಅಬ್ಬಾ ಗುಲಾಮ್ ದಸ್ತಗೀರ್ ಸಂತೆಯಲ್ಲಿ ದನದ ಹಗ್ಗ, ಕುರಿಯ ಗಂಟೆ ಮಾರುತ್ತಾರೆ. ಎರಡು ಹಿಂಡು ಸಂತೆಯಲ್ಲಿ ಕಲೆತುಹೋದಾಗ ಕುರಿಗಾರ ಒಂದು ಕೂಗು ಹಾಕಿದರೆ ಅವನ ಕುರಿಗಳಷ್ಟೇ ಬೇರ್ಪಟ್ಟು ಬರುತ್ತವೆ. ಅದನ್ನು ಚಿಕ್ಕಂದಿನಲ್ಲಿ ಅಬ್ಬಾನ ಅಂಗಡಿಯ ಮುಂದೆಯೇ ಅವಳು ನೋಡಿದ್ದಳು. ಹೇಗೆ ಬರುತ್ತವೆ ಎಂಬುದೇ ಅವಳ ಪಿಎಚ್‌ಡಿ. ನಾನು ಬೀರೇಶ, ದೇವದುರ್ಗದ ಕುರಿಗಾರರ ಮನೆಯವನು, ಎಂ.ಎಸ್ಸಿ. ಮಾಡಿ ಅವಳ ಯೋಜನೆಯಲ್ಲಿ ಸಹಾಯಕನಾಗಿದ್ದೇನೆ. ರೆಕಾರ್ಡರ್ ಹೊರುವುದು ನನ್ನ ಕೆಲಸ.

ಡೀನ್ ಸಾಹೇಬರಿಗೆ ಈ ವಿಷಯ ಹಿಡಿಸಿರಲಿಲ್ಲ. ಡೀನರ ಮುಂದೆ ನಾವು ದೀನರಾಗಿ ನಿಂತಾಗ ಅವರು ಹೇಳಿದ್ದು ಇಷ್ಟು: "ಭತ್ತದ ಹೊಟ್ಟಿಗೆ ಪಿಎಚ್‌ಡಿ ಕೊಟ್ಟೀವಿ, ತೌಡಿಗೆ ಕೊಟ್ಟೀವಿ, ಹುಲ್ಲಿಗೂ ಕೊಟ್ಟೀವಿ. ಬರೇ ಕೂಗಿಗೆ ಹೆಂಗ ಕೊಡೋದ್ರಿ? ಹೊರಗಿಂದ ಪರಿಶೀಲನಾ ಸಮಿತಿ ಬರ್ತದ. ಅವರ ಮುಂದ ಕುರಿ ಬೇರೆ ಮಾಡಿ ತೋರಸ್ರಿ. ಆಗದಿದ್ರ ವಿಷಯ ಬದ್ಲಿ ಮಾಡ್ಕೊಂಡು ತೌಡಿಗೆ ಸೇರ್ಕೊಳ್ರಿ."

ಹೊರಗೆ ಬಂದ ಮೇಲೆ ನಾನು ಇದನ್ನೇ ಅವರ ದನಿಯಲ್ಲಿ ಇನ್ನೊಮ್ಮೆ ಹೇಳಿದೆ. ನೌಶೀನ್ ನಗಲಿಲ್ಲ.

"ಬೀರೇಶ, ಈಗ ಬ್ಯಾಡ. ತೌಡು ತಿನ್ನೋ ಕುರಿಗಿಂತ ನನ್ನ ಗತಿ ಕಡೆ ಆಗ್ತದ."

ನಮ್ಮ ಬಳಿ ಇಬ್ಬರ ಕೂಗು ಇದ್ದವು. ಒಂದು, ಮಾನ್ವಿ ತಾಲೂಕಿನ ಚೀಕಲಪರ್ವಿಯ ಬಂಡೆಮ್ಮನದು. ತುಂಗಭದ್ರೆಯ ದಂಡೆಯಲ್ಲಿ ಅದನ್ನು ಸ್ಪೀಕರಿನಲ್ಲಿ ಹಾಕಿದಾಗ ಕುರಿಗಳು ನೀರು ಕುಡಿಯುವುದನ್ನು ಬಿಟ್ಟು ಡಬ್ಬಿಯ ಸುತ್ತ ಬಂದು ನಿಂತಿದ್ದವು. ಆಮೇಲೆ ನಾನೂ ಅದೇ ಕೂಗನ್ನು ಬಂಡೆಮ್ಮನ ಗಂಟಲಲ್ಲೇ ತೆಗೆದೆ. ಕುರಿಗಳು ಡಬ್ಬಿ ಬಿಟ್ಟು ನನ್ನ ಹಿಂದೆ ಬಂದವು, ರಸ್ತೆಯವರೆಗೂ.

"ಯಪ್ಪಾ, ನೀ ಇನ್ನ ನಮ್ಮೂರಿಗಿ ಬರಬ್ಯಾಡ," ಎಂದು ಬಂಡೆಮ್ಮ ಕೈಮುಗಿದಿದ್ದಳು. "ಬಂದ್ರೂ ಬಾಯಿ ಮನ್ಯಾಗ ಇಟ್ಟು ಬಾ."

ಇನ್ನೊಂದು ನನ್ನ ಸೋದರಮಾವ ಕನಕಪ್ಪನದು. ದೇವದುರ್ಗದ ಹೊಲದಲ್ಲಿ ನಾನು ಮೈಕು ಹಿಡಿದಾಗ ಮಾವ ಒಂದು ಗಳಿಗೆ ನನ್ನ ಮುಖ ನೋಡಿ, ಉದ್ದಕ್ಕೆ ಒಂದು ಕೂಗು ಕೊಟ್ಟಿದ್ದ. ಅದನ್ನು ಅಲ್ಲೇ ಹಾಕಿ ನೋಡೋಣವೆಂದರೆ ಒಪ್ಪಲಿಲ್ಲ. "ನಮ್ಮ ಹೊಲದಾಗ ಡಬ್ಬಿ ಕೂಗಬಾರದು, ತ್ವಾಳ-ನರಿ ಕೇಳ್ಯಾವು. ರಾಯಚೂರಾಗ ಹಾಕ್ರಿ, ಕುರಿ ನಾನ ಹೊಡ್ಕೊಂಡು ಬರ್ತೀನಿ."

ಸಮಿತಿ ಬಂದ ದಿನ ಮೈದಾನದ ಈ ತುದಿಯಲ್ಲಿ ಎಲ್ಲ ವಿಭಾಗಗಳ ಮಳಿಗೆ ಹಾಕಿದ್ದರು. ಭತ್ತದವರು ಮೇಜಿನಷ್ಟು ಗಾತ್ರದ ಗಿರಣಿ ತಂದಿದ್ದರು. ಹತ್ತಿಯವರು ಹೊಸ ತಳಿಯ ಕಾಯಿಗಳನ್ನು ಬುಟ್ಟಿಯಲ್ಲಿ ಮಲ್ಲಿಗೆಯಂತೆ ಜೋಡಿಸಿದ್ದರು. ಆ ತುದಿಯಲ್ಲಿ, ನೀರಿನ ಟ್ಯಾಂಕಿನ ಹತ್ತಿರ ನಮ್ಮ ಕುರಿಗಳು. ರಸಾಯನಶಾಸ್ತ್ರದ ಬಣ್ಣದಿಂದ ಕನಕಪ್ಪ ಮಾವನ ಕುರಿಗಳ ಬೆನ್ನಿಗೆ ಕೆಂಪು, ಬಂಡೆಮ್ಮನ ಕುರಿಗಳಿಗೆ ಹಳದಿ ಹಚ್ಚಿದ್ದೆವು. ಮೇಲೆ ಎತ್ತರದಲ್ಲಿ ಎಂಜಿನಿಯರುಗಳ ಡ್ರೋನು ಚಿತ್ರ ಹಿಡಿಯುತ್ತಿತ್ತು. ಎರಡೂ ಹಿಂಡುಗಳನ್ನು ಕಲೆಸಿಬಿಟ್ಟಾಗ ಪೂಜೆಗೆ ಅಕ್ಷತೆ ಕಲೆಸಿದಂತೆ ಕಂಡಿತು.

ಸಮಿತಿಯ ಅಧ್ಯಕ್ಷೆ ಉಮಾದೇವಿ ಧಾರವಾಡದವರು. ಕಡಿಮೆ ಮಾತು. ಆ ದನಿಯನ್ನು ಹಿಡಿಯಲು ಬೆಳಿಗ್ಗೆಯಿಂದ ಪ್ರಯತ್ನಿಸಿ ಸೋತಿದ್ದೆ.

ನೌಶೀನ್ ಮೊದಲು ಬಂಡೆಮ್ಮನ ಕೂಗು ಹಾಕಿದಳು. ಹಳದಿ ಬೆನ್ನುಗಳು ತಲೆಯೆತ್ತಿದವು, ಕೆಂಪಿನ ನಡುವಿನಿಂದ ನುಸುಳಿ ಸ್ಪೀಕರಿನ ಕಡೆ ಬಂದವು. ಬಂಡೆಮ್ಮ ಸೆರಗು ಸರಿಮಾಡಿಕೊಂಡು ಸುತ್ತ ನೋಡಿದಳು.

"ಚೆನ್ನಾಗದ," ಎಂದರು ಉಮಾದೇವಿ. "ಆದ್ರ ಕುರಿ ಗುರುತು ಹಿಡಿದದ್ದು ಏನನ್ನ? ಒಡತಿಯ ದನಿಯನ್ನೋ, ಆ ಕೂಗನ್ನೋ? ದನಿ ಅಂದ್ರ ನಾಯಿಗೂ ಗೊತ್ತಾಗ್ತದ. ಅದರಾಗ ಹೊಸದೇನು?"

ನೌಶೀನ್ ಆ ಪ್ರಶ್ನೆಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ಎರಡನೆಯ ಹಿಂಡೂ ಬರಲಿ ಎಂದು ಹಿಂಡುಗಳನ್ನು ಮತ್ತೆ ಕಲೆಸಿ ಕನಕಪ್ಪ ಮಾವನ ಕೂಗು ಹಾಕಿದಳು.

ಒಂದು ಕೆಂಪು ಬೆನ್ನೂ ಅಲುಗಲಿಲ್ಲ. ಎರಡನೆಯ ಸಲ ಹಾಕಿದಳು. ಒಂದು ಟಗರು ಹಿಕ್ಕೆ ಹಾಕಿತು, ಅಷ್ಟೇ.

ಡೀನ್ ಸಾಹೇಬರು ಸಮಿತಿಯ ಕಡೆ ತಿರುಗಿ, "ಮುಂದ ತೌಡಿನ ಎಣ್ಣಿ ನೋಡೋಣ ಬರ್ರಿ," ಎಂದರು.

ನಾನು ನೌಶೀನ್‌ಳನ್ನು ನೋಡಿದೆ. ಅವಳು ಕುರಿಗಳನ್ನು ನೋಡುತ್ತಿರಲಿಲ್ಲ, ಮಾವನನ್ನು ನೋಡುತ್ತಿದ್ದಳು. ಮಾವ ಟ್ಯಾಂಕಿಗೆ ಒರಗಿ ನಿಧಾನ ಎಲೆ ಅಡಿಕೆ ಜಗಿಯುತ್ತಿದ್ದ. ಮುಖದ ಮೇಲೆ ತೃಪ್ತಿ.

"ಬೀರೇಶ," ಎಂದಳು ಮೆಲ್ಲಗೆ, "ಮಂದಿ ಮುಂದ ಕುರಿ ಮಾತು ಕೇಳದಿದ್ರ ಕುರಿಗಾರಗ ಮರ್ಯಾದಿ ಹೋಗ್ತದ. ಕಾಕಾ ನೋಡು, ಮಗ ಪಾಸಾದಂಗ ನಿಂತಾನ."

ಸೀದಾ ಮಾವನ ಬಳಿ ಹೋದಳು. ನಾನು ಹಿಂದೆಯೇ ಓಡಿದೆ.

"ಕಾಕಾ, ಅದು ಖರೇ ಕೂಗಲ್ಲ, ಹೌದಿಲ್ಲೋ?"

ಮಾವ ಪಿಚಕ್ಕನೆ ಉಗುಳಿ ಬಾಯಿ ಒರೆಸಿಕೊಂಡ. "ಕೂಗು ಕೊಟ್ಟರ ಮಂದಿ ಕೊಟ್ಟಂಗ ಯವ್ವಾ. ನಮ್ಮಪ್ಪ ಅದನ್ನ ನನ್ನ ಲಗ್ನದ ದಿನ ಕಿವ್ಯಾಗ ಹೇಳಿದ್ದ. ಡಬ್ಬ್ಯಾಗ ಹೆಂಗ ಹಾಕಲಿ? ಅದರಾಗ ಡಬ್ಬಿ ಹಿಡದಂವ ಯಾರು? ಇಂವ. ಚೀಕಲಪರ್ವ್ಯಾಗ ಬಂಡೆಮ್ಮನ ಕುರಿ ಹೊಡ್ಕೊಂಡು ರಸ್ತೆಗಿ ಬಂದನಂತ. ಆ ಸುದ್ದಿ ನಿಮ್ಮ ಜೀಪಿಗಿಂತ ಮೊದ್ಲ ದೇವದುರ್ಗಕ್ಕ ಬಂದಿತ್ತು."

"ಮಾವ, ನಾ ನಿನ್ನ ಅಳಿಯಾ."

"ಅದಕ್ಕ ಮತ್ತ ಹೇಳಾಕತ್ತೀನಿ. ನಿನ್ನ ನಾ ಕೂಸಿದ್ದಾಗಿಂದ ಬಲ್ಲೆ."

ನಮ್ಮ ಕಡೆ ಕುರಿ ಮಂದೆಗೂ ಮಂದಿ ಎನ್ನುತ್ತೇವೆ, ಜನಕ್ಕೂ ಮಂದಿ ಎನ್ನುತ್ತೇವೆ. ಹೊರಟಿದ್ದ ಸಮಿತಿಯ ಮಂದಿಯನ್ನು ಹಿಂದಕ್ಕೆ ತರಲು ಯಾವ ಕೂಗು ಹಾಕಬೇಕೋ ನನಗೆ ತಿಳಿಯಲಿಲ್ಲ. ನೌಶೀನ್‌ಗೆ ತಿಳಿಯಿತು. ಅವಳ ಮುಖದ ಮೇಲೆ ನಿಧಾನ ಬೆಳಕು ಬರುತ್ತಿತ್ತು.

"ಮೇಡಂ," ಎಂದು ಜೋರಾಗಿ ಕರೆದಳು, "ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದೆ."

ಉಮಾದೇವಿ ನಿಂತರು.

"ಈಗ ಕೇಳಿದ್ದು ಕನಕಪ್ಪನವರದೇ ದನಿ, ಆದರೆ ಸುಳ್ಳು ಕೂಗು. ಒಡೆಯನ ದನಿ ಕೇಳಿಯೂ ಕುರಿ ಬರಲಿಲ್ಲ. ಇನ್ನು ನಿಜವಾದ ಕೂಗಿಗೆ ಬಂದರೆ, ಅವು ಗುರುತಿಸುವುದು ಕೂಗನ್ನು ಅಂತಾಯಿತು. ಒಂದೇ ತೊಡಕು. ಆ ಕೂಗನ್ನು ನಾವ್ಯಾರೂ ಕೇಳಬಾರದು. ಕುರಿಗಳಷ್ಟೇ ಕೇಳಬೇಕು."

"ಅಂದ್ರ ನಾವು ಕಿವುಡರಾಗಬೇಕಾ?"

"ಸ್ವಲ್ಪ ಹೊತ್ತು, ಮೇಡಂ."

ಉಮಾದೇವಿ ಯೋಚಿಸಿದರು. "ಡಬ್ಬಿಯ ದೋಷ ಇರಬಹುದು. ಮೊದ್ಲು ಸುಳ್ಳು ಕೂಗನ್ನೂ ಅವರ ಬಾಯಿಂದಲೇ ಹಾಕಸ್ರಿ. ಕುರಿಗೆ ಅವರು ಕಾಣಬಾರದು."

ಮಾವ ಟ್ಯಾಂಕಿನ ಹಿಂದೆ ಹೋಗಿ ಸುಳ್ಳು ಕೂಗು ಹಾಕಿದ. ಕೆಂಪು, ಹಳದಿ, ಯಾವುದೂ ಕದಲಲಿಲ್ಲ.

ಆಮೇಲೆ ನಡೆದದ್ದು ನಮ್ಮ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿ ಮೊದಲ ಸಲ: ಎಲ್ಲ ವಿಭಾಗಗಳೂ ಒಂದೇ ಕೆಲಸಕ್ಕೆ ಕೈಹಾಕಿದವು. ಹತ್ತಿಯವರು ಬುಟ್ಟಿ ಹಿಡಿದು ಪ್ರಸಾದದಂತೆ ಹತ್ತಿ ಹಂಚಿದರು. ಕೀಟಶಾಸ್ತ್ರದವರು ಅದರಲ್ಲಿ ಹುಳ ಇಲ್ಲವೆಂದು ಪರೀಕ್ಷಿಸಿ ಕೊಟ್ಟರು. ಡೀನ್ ಸಾಹೇಬರ ಕಿವಿಯಲ್ಲೂ ಹತ್ತಿ ಸೇರಿತು. ಭತ್ತದ ಪ್ರೊಫೆಸರು ಗಂಟಲು ಸರಿಮಾಡಿಕೊಂಡು, ಮಳಿಗೆಯ ಗಿರಣಿಯನ್ನು ಹೊಟ್ಟು ಹಾರುವಂತೆ ಬಿಟ್ಟರು. ನನಗೆ ಮಾತ್ರ ಅಷ್ಟಕ್ಕೇ ಬಿಡುಗಡೆ ಸಿಗಲಿಲ್ಲ. ಎರಡು ಪಾಲು ಹತ್ತಿ ತುರುಕಿ, ಮೇಲೆ ಬಂಡೆಮ್ಮ ತನ್ನ ಎರಡೂ ಅಂಗೈಗಳಿಂದ ನನ್ನ ಕಿವಿ ಒತ್ತಿ ಹಿಡಿದಳು. ಆ ಕೈ ಕುರಿ ಕೆಡವಿ ಉಣ್ಣೆ ಕತ್ತರಿಸುವ ಕೈ.

ನೌಶೀನ್ ರೆಕಾರ್ಡರಿನ ಬ್ಯಾಟರಿ ತೆಗೆದು, ಮಾವನಿಗೆ ಕಾಣುವಂತೆ ಎತ್ತಿ ಹಿಡಿದು, ಉಮಾದೇವಿಯವರ ಕೈಗೆ ಕೊಟ್ಟಳು. ಮಾವ ತಲೆದೂಗಿ, ನಿಜವಾದ ಕೂಗು ಹಾಕಲು ಮತ್ತೆ ಟ್ಯಾಂಕಿನ ಮರೆಗೆ ಹೋದ.

ಗಿರಣಿಯ ಗದ್ದಲ, ಹತ್ತಿ, ಬಂಡೆಮ್ಮನ ಬಳೆ. ಇವುಗಳಾಚೆ ಏನೂ ಕೇಳಲಿಲ್ಲ. ಕಣ್ಣಿಗೆ ಮಾತ್ರ ಕಂಡಿತು. ದೂರದಲ್ಲಿ ಒಂದು ಕೆಂಪು ಕುರಿ ಮೇವು ಬಿಟ್ಟು ತಲೆಯೆತ್ತಿತು. ಅದರ ಪಕ್ಕದ್ದು ಎತ್ತಿತು. ನಂತರ ಕಂಬಳಿಯಿಂದ ಕೆಂಪು ಎಳೆಯೊಂದನ್ನೇ ಹಿಡಿದು ಎಳೆದ ಹಾಗೆ, ಅಷ್ಟೂ ಕೆಂಪು ಬೆನ್ನುಗಳು ಹಳದಿಯ ನಡುವಿನಿಂದ ಹೊರಬಂದು, ಸಾಲು ಹಿಡಿದು, ಟ್ಯಾಂಕಿನ ಹಿಂದೆ ಮರೆಯಾದವು. ಮೈದಾನದಲ್ಲಿ ಉಳಿದದ್ದು ಬರೀ ಹಳದಿ, ಸಾಸಿವೆ ಹೊಲದಂತೆ.

ಬಂಡೆಮ್ಮ ನನ್ನ ಕಿವಿ ಬಿಟ್ಟು ಚಪ್ಪಾಳೆ ತಟ್ಟಿದಳು. ಗಿರಣಿ ನಿಂತಿತು. ಎಂಜಿನಿಯರುಗಳು ಡ್ರೋನಿನ ಚಿತ್ರ ತೋರಿಸಿದರು. ಮೇಲಿನಿಂದ ನೋಡಿದರೆ ಆ ಎಳೆ ಇನ್ನೂ ಚೆಂದ. ಉಮಾದೇವಿ ಅದನ್ನು ಕೊನೆಯವರೆಗೆ ನೋಡಿ, ಕಿವಿಯ ಹತ್ತಿ ತೆಗೆದು, ನೌಶೀನ್‌ಳ ಕೈ ಕುಲುಕಿದರು.

"ನಿಮ್ಮ ಹುಡುಗಿ ವಿಷಯ ಬದಲಿಸಬೇಕಾಗಿಲ್ಲ," ಎಂದರು ಡೀನರಿಗೆ. "ಈ ಯೋಜನೆ ಮುಂದುವರೀಲಿ. ನಾವು ಹಂಗ ಬರೀತೀವಿ."

"ಏನ್ರೀ ಮೇಡಂ?" ಎಂದರು ಡೀನ್ ಸಾಹೇಬರು. ಅವರ ಕಿವಿಯ ಹತ್ತಿ ಇನ್ನೂ ಅಲ್ಲೇ ಇತ್ತು.

ಉಮಾದೇವಿ ಅದನ್ನೇ ಇನ್ನೊಮ್ಮೆ, ಮೈದಾನಕ್ಕೆಲ್ಲ ಕೇಳುವಂತೆ ಹೇಳಿದರು. ಆಗ ಆ ದನಿ ನನಗೆ ಪೂರಾ ಸಿಕ್ಕಿತು.

ನೌಶೀನ್ ಬೇವಿನ ಮರದ ಕೆಳಗೆ ನಿಂತು ಮಾನ್ವಿಗೆ ಫೋನು ಹಚ್ಚಿದಳು. "ಅಬ್ಬಾ, ಹೋ ಗಯಾ," ಎಂದಳು. ಆ ಕಡೆಯಿಂದ ಮಾತಿಗೆ ಮೊದಲು ಗಂಟೆಗಳು ಕೇಳಿಸಿದವು. ಗುಲಾಮ್ ದಸ್ತಗೀರ್ ಅಂಗಡಿಯಲ್ಲಿ ತೂಗುಹಾಕಿದ ಗಂಟೆಗಳನ್ನೆಲ್ಲ ಒಮ್ಮೆಗೇ ಆಡಿಸಿಬಿಟ್ಟಿದ್ದರು.

ಮಾವ ಕುರಿಗಳ ಜೊತೆ ಬಂದು ನನ್ನನ್ನು ಅಡ್ಡಗಟ್ಟಿದ. "ಲೇ ಬೀರ್ಯಾ, ಏನರ ಕೇಳಿಸ್ತೇನು?"

"ಬರೇ ಬಂಡೆಮ್ಮನ ಬಳೆ ಸಪ್ಪಳ ಕೇಳಿಸ್ತು ಮಾವ."

ಅವನು ನನ್ನ ಗಂಟಲನ್ನೇ ಸ್ವಲ್ಪ ಹೊತ್ತು ದಿಟ್ಟಿಸಿ, ನಂಬಿ, ನೌಶೀನ್‌ಳ ಕಡೆ ತಿರುಗಿದ. "ಯವ್ವಾ, ನೀ ಬ್ಯಾಟ್ರಿ ತೆಗದಿ, ಅದು ನನ್ನ ಮನಸ್ಸಿಗಿ ಬಂತು. ದೇವದುರ್ಗಕ್ಕ ಬಾ. ನಿನ್ನ ಕಿವ್ಯಾಗ ಹೇಳ್ತೀನಿ. ಬರಕೋಬ್ಯಾಡ, ಡಬ್ಬ್ಯಾಗ ಹಾಕಬ್ಯಾಡ. ತಿಳ್ಕೊ, ಸಾಕು."

"ನಾನೂ ಬರ್ತೀನಿ ಮಾವ," ಎಂದೆ.

"ಬಾ," ಎಂದ ಮಾವ. ಹತ್ತಿಯವರ ಬುಟ್ಟಿಯಿಂದ ದೊಡ್ಡದೊಂದು ಕಾಯಿ ಆರಿಸಿ, ಬಿಡಿಸಿ, ಅದರ ಹತ್ತಿಯನ್ನು ನನ್ನ ಅಂಗಿಯ ಜೇಬಿಗೆ ತುರುಕಿದ.