ಆರನೆಯ ಹಿಡಿ

"ಜೋರಾಗಿ ತಿರುಗಿಸ್ಬೇಡಪ್ಪಾ" ಎಂದು ಅತ್ತಿಗೆ ಹೇಳುವಷ್ಟರಲ್ಲಿ ಪೆಟ್ಟಿಗೆಯವನು ಸ್ಕ್ರೂ ತಿರುಗಿಸಿಯಾಗಿತ್ತು. ಚಟ್ ಎಂದಿತು. ಶವಪೆಟ್ಟಿಗೆಯ ಬಂಗಾರದ ಬಣ್ಣದ ಹಿಡಿ ತೂತಿನ ಹತ್ತಿರ ಸೀಳಿಕೊಂಡು ಅವನ ಕೈಗೇ ಬಂತು. ಬಣ್ಣದ ಕೆಳಗೆ ಬರೀ ಬಿಳಿ ಪ್ಲಾಸ್ಟಿಕ್.

"ಏನೂ ಆಗಲ್ಲಮ್ಮ, ಇನ್ನೊಂದಿದೆ" ಎನ್ನುತ್ತ ಅವನು ಚೀಲಕ್ಕೆ ಕೈ ಹಾಕಿದ. "ಈ ಹಿಡಿಗಳ ಹಣೆಬರಹವೇ ಇಷ್ಟು. ಪೆಟ್ಟಿಗೇಲಿ ತೂತು ಒಂದು ಕಡೆ, ಹಿಡೀಲಿ ಇನ್ನೊಂದು ಕಡೆ. ನಾವು ಎರಡರ ಬದಲು ಒಂದೊಂದೇ ಸ್ಕ್ರೂ ಹಾಕಿ ಕಳಿಸಿಬಿಡ್ತೀವಿ. ಗುಂಡಿವರೆಗೂ ತಡ್ಕೊಳ್ಳುತ್ತೆ."

"ತಡ್ಕೊಳ್ಳದೆ ಹೋದ್ರೆ?"

ಅವನು ಮುಗುಳ್ನಕ್ಕು ಚೀಲದಿಂದ ಇನ್ನೊಂದು ಹಿಡಿ ತೆಗೆದ. ಅಂಥ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿದ್ದಿಲ್ಲ. ಸತ್ತ ಮನೆಯಲ್ಲಿ ಸ್ಕ್ರೂ ಎಣಿಸುವವರು ಯಾರಿರುತ್ತಾರೆ?

ಈ ಮನೆಯಲ್ಲಿದ್ದರು. ಪೆಟ್ಟಿಗೆಯೊಳಗೆ ಮಲಗಿದ್ದವನನ್ನು ಎಲ್ಲರೂ ಅರ್ಧಮಿಲಿ ಎಂದು ಕರೆಯುತ್ತಿದ್ದರು. ನಾಣ್ಯ ಹಾಕಿ, ಗುಂಡಿ ಒತ್ತಿ ಆಡುವ ಹಳೆಯ ಆಟದ ಯಂತ್ರಗಳನ್ನು ಮತ್ತೆ ನಿಲ್ಲಿಸಿಕೊಡುವುದು ಅವನ ಕಸುಬು. ಅವುಗಳ ಪ್ಲಾಸ್ಟಿಕ್ ಭಾಗಗಳು ಎಂದೋ ಒಡೆದುಹೋಗಿರುತ್ತವೆ. ಅಂಗಡಿಯಲ್ಲಿ ಸಿಗುವ ಹೊಸ ನಕಲುಗಳು ನೋಡಲು ಥಳಥಳ, ಕೂರಿಸಲು ಹೋದರೆ ಒಂದೂ ಕೂರುವುದಿಲ್ಲ. ಅವನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಅರದಿಂದ ಉಜ್ಜಿ, ತೂತು ಸರಿಸಿ, ಹುಟ್ಟಿದ್ದೇ ಅಲ್ಲಿಗಾಗಿ ಎನ್ನುವಂತೆ ಕೂರಿಸುತ್ತಿದ್ದ. ಯಾರು ಏನು ತಂದರೂ ಕಣ್ಣು ಕಿರಿದು ಮಾಡಿ ನೋಡಿ "ಅರ್ಧ ಮಿಲಿ ಹೋಗ್ಬೇಕು" ಎನ್ನುತ್ತಿದ್ದ, ಅರ್ಧ ಮಿಲಿಮೀಟರ್ ಉಜ್ಜಬೇಕೆಂದು. ಅದೇ ಹೆಸರಾಯಿತು. ಅವನ ತಮ್ಮ ಅತ್ತಿಗೆ ಎನ್ನುತ್ತಿದ್ದುದನ್ನು ಕೇಳಿ ಕೇಳಿ ಅವನ ಹೆಂಡತಿ ಗಿರಾಕಿಗಳಿಗೆಲ್ಲ ಅತ್ತಿಗೆಯಾಗಿದ್ದಳು.

ಅವಳು ಸೀಳಿದ ಹಿಡಿಯನ್ನು ತಿರುಗಿಸಿ ನೋಡಿದಳು. ಒಳಬದಿಯಲ್ಲಿ ಒಂದು ಪುಟ್ಟ ನಕ್ಷತ್ರ. ಅವಳಿಗೆ ಆ ನಕ್ಷತ್ರ ಚೆನ್ನಾಗಿ ಗೊತ್ತಿತ್ತು, ಮೈದುನನ ಪ್ಲಾಸ್ಟಿಕ್ ಮಾಲಿನ ಮೇಲೆಲ್ಲ ಇರುವ ಗುರುತು.

ಮೈದುನ ಕಿಟಕಿಯ ಹತ್ತಿರ, ಕಪ್ಪು ಕೋಟು ಹಾಕಿಕೊಂಡು, ಬಂದವರ ಕೈ ಕುಲುಕುತ್ತ ನಿಂತಿದ್ದ.

"ಇದೂ ನಿಂದೇನಾ?"

"ಹೌದು ಅತ್ತಿಗೆ, ಈಚೆಗೆ ಶುರು ಮಾಡಿದ್ವಿ." ದುಃಖದ ನಡುವೆಯೂ ಅವನ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಇಣುಕಿತು. "ಚೆನ್ನಾಗಿ ಹೋಗ್ತಾ ಇದೆ."

ಅವಳ ಮೈಯೆಲ್ಲ ಉರಿದುಹೋಯಿತು.

"ಹೋಗ್ತಾ ಇದೆ, ಹೌದು. ಗುಂಡಿಗೆ ಹೋಗಿದ್ದನ್ನ ವಾಪಸ್ ತಂದು ಯಾರು ಮುಖಕ್ಕೆಸೀತಾರೆ? ಒಳ್ಳೇ ವ್ಯಾಪಾರ ಹಿಡಿದಿದ್ದೀಯ!"

ಬಸ್ಸಿನ ಕೆಲಸದಿಂದ ನಿವೃತ್ತನಾಗಿ, ಮನೆ ತುಂಬ ಹಳೆಯ ಯಂತ್ರಗಳನ್ನು ತುಂಬಿಕೊಂಡಿದ್ದ ಡ್ರೈವರ್ ಮೆಲ್ಲಗೆ ಎದ್ದು ಬಂದ. "ಬಿಡಿ ಅತ್ತಿಗೆ. ಇವತ್ತೊಂದು ದಿನ."

"ಇವತ್ತೊಂದು ದಿನ ಅಂತ ಅಂತಲೇ ಇವರ ಆಯುಷ್ಯ ಮುಗೀತು. ಯಾವ ಹಿಡಿಗೂ ಒಂದೇ ಸ್ಕ್ರೂ ಹಾಕಿ ಬಿಡ್ಬೇಡಿ. ಎಲ್ಲಾ ಬಿಚ್ಚಿ. ಇವನೇ ಕೂರಿಸ್ಲಿ. ಅಲ್ಲೀವರೆಗೂ ಇವರು ಈ ಮನೆ ಬಿಟ್ಟು ಕದಲಲ್ಲ."

*

ಎಲ್ಲ ಶುರುವಾದದ್ದು ಒಂದು ಸೊಟ್ಟ ಯಂತ್ರದಿಂದ. ಯಾವುದೋ ನೆಲಮಾಳಿಗೆಯಲ್ಲಿ ಪೈಪು ಒಡೆದು, ನೀರಲ್ಲಿ ನಿಂತು, ಎಡಗಡೆಯ ಮರ ಉಬ್ಬಿಹೋಗಿತ್ತು. ಮರ ಬದಲಿಸಲು ಮಾಲೀಕ ಸುತರಾಂ ಒಪ್ಪಲಿಲ್ಲ. ಅವನು ಚಿಕ್ಕವನಿದ್ದಾಗ ಅದರ ಮೇಲೆ ಏನೋ ಗೀಚಿದ್ದನಂತೆ. ಹಾಗಾಗಿ ಅರ್ಧಮಿಲಿ ಪರದೆಯ ಸುತ್ತಲಿನ ಕಪ್ಪು ಚೌಕಟ್ಟನ್ನೇ ಉಜ್ಜಿ, ಮರದ ಸೊಟ್ಟಕ್ಕೆ ತಕ್ಕ ಹಾಗೆ ಸೊಟ್ಟ ಮಾಡಿದ. ಅದು ಅಸಲಿ ಚೌಕಟ್ಟು, ಯಂತ್ರದ ಜೊತೆಯಲ್ಲೇ ಹುಟ್ಟಿದ್ದು. ಕೊನೆಯ ಗಳಿಗೆಯಲ್ಲಿ ಅರ ಜಾರಿ ಮೂಲೆಯಲ್ಲೊಂದು ಕಚ್ಚು ಬಿತ್ತು. ತನ್ನನ್ನು ತಾನೇ ಬೈದುಕೊಂಡು, ಚೌಕಟ್ಟನ್ನು ತೊಳೆದು, ಒಣಗಲು ಕಿಟಕಿಯಲ್ಲಿಟ್ಟು ಊಟಕ್ಕೆ ಎದ್ದ.

ತಮ್ಮ ಆಗಷ್ಟೇ ಪ್ಲಾಸ್ಟಿಕ್ ಅಚ್ಚು ಹಾಕುವ ಕೆಲಸಕ್ಕೆ ಕೈ ಹಚ್ಚಿದ್ದ. ಅಸಲಿ ಚೌಕಟ್ಟೊಂದು ಕಣ್ಣಿಗೆ ಬಿದ್ದದ್ದೇ ತಡ, ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ಅಚ್ಚು ತೆಗೆದು, ಇದ್ದಲ್ಲೇ ತಂದಿಟ್ಟ. ಅಣ್ಣನನ್ನು ಚಕಿತಗೊಳಿಸಬೇಕೆಂದಿದ್ದನಂತೆ.

ಅಣ್ಣ ಚಕಿತನಾದ. ಡ್ರೈವರ್ ಒಂದು ಹೊಸ ಚೌಕಟ್ಟು ಹಿಡಿದುಕೊಂಡು ಬಂದು "ಏನು ಮಾಡಿದ್ರೂ ಕೂರ್ತಾ ಇಲ್ಲ ಮಾರಾಯ, ಕಾಲಲ್ಲಿ ಒದ್ದೂ ನೋಡಿದೆ" ಎಂದಾಗ, ಅರ್ಧಮಿಲಿ ಅದರ ಮೂಲೆಯಲ್ಲಿ ತನ್ನದೇ ಅರದ ಕಚ್ಚನ್ನು ಕಂಡ. ಮೊದಲು ನಕ್ಕ. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕೂತ. ಲೋಕದಲ್ಲಿ ಆ ಚೌಕಟ್ಟು ಸರಿಯಾಗಿ ಕೂರುವ ಯಂತ್ರ ಒಂದೇ ಒಂದಿತ್ತು, ಅದೂ ಸೊಟ್ಟದ್ದು.

"ಅಚ್ಚು ಬದಲಾಯಿಸು" ಎಂದ ತಮ್ಮನಿಗೆ.

"ಅಚ್ಚು ಬದಲಾಯಿಸೋದು ಅಂದ್ರೆ ಅಂಗಿ ಬದಲಾಯಿಸಿದ ಹಾಗಾ ಅಣ್ಣ? ಒಂದೆರಡು ಕಡೆ ಉಜ್ಜಿದ್ರೆ ಆಯ್ತು. ನೀನಿದ್ದೀಯಲ್ಲ."

ನೀನಿದ್ದೀಯಲ್ಲ. ಆ ದರಿದ್ರ ಮಾತನ್ನು ಅರ್ಧಮಿಲಿ ಹೊಗಳಿಕೆ ಎಂದುಕೊಂಡ. ಕಚ್ಚು ಬಿದ್ದ ಚೌಕಟ್ಟುಗಳು ಡಬ್ಬಗಟ್ಟಲೆ ಮಾರಾಟವಾದವು, ಡಬ್ಬಗಟ್ಟಲೆ ಈ ಮನೆಗೆ ಬಂದವು. ಅಡುಗೆಮನೆಯ ದೊಡ್ಡ ಪಾತ್ರೆಯಲ್ಲಿ ಅನ್ನಕ್ಕಿಂತ ಹೆಚ್ಚು ಬೆಂದದ್ದು ಪ್ಲಾಸ್ಟಿಕ್ಕೇ. ಅತ್ತಿಗೆ ಚೌಕಟ್ಟುಗಳನ್ನು ಬಗ್ಗಿಸಿ ಹಿಡಿದಳು, ಉಜ್ಜಿದ ಪುಡಿ ಗುಡಿಸಿದಳು, ಆ ವಾಸನೆಯಲ್ಲೇ ಊಟ ಬಡಿಸಿದಳು, ಜಗಳವಾಡಿದಳು.

"ನೀವು ಹೀಗೆ ಸರಿಮಾಡಿ ಕೊಡ್ತಾನೇ ಇದ್ರೆ ಅವನ್ಯಾಕೆ ಸರಿಮಾಡ್ತಾನೆ? ತಪ್ಪಾಗಿದೆ ಅಂತ ಅವನಿಗೆ ಗೊತ್ತಾಗೋದಾದ್ರೂ ಹೇಗೆ?"

"ಗಿರಾಕಿ ಏನು ಪಾಪ ಮಾಡಿದಾನೆ? ಅವನ ಯಂತ್ರ ನಿಲ್ಬೇಕಲ್ಲ."

"ನಾನೇನು ಪಾಪ ಮಾಡಿದೀನಿ?"

ಅದಕ್ಕೆ ಅವನು ಅರ ಎತ್ತಿಕೊಳ್ಳುತ್ತಿದ್ದ. ಅದರ ಕರಕರ ಶಬ್ದ ಶುರುವಾದರೆ ಮಾತು ಮುಗಿಯಿತೆಂದು ಅರ್ಥ.

*

ಅಡುಗೆಮನೆಯಲ್ಲಿ ಅತ್ತಿಗೆ ದೊಡ್ಡ ಪಾತ್ರೆಯನ್ನು ಮೈದುನನ ಕೈಗೆ ತುರುಕಿದಳು. "ನೀರು ಕಾಯಿಸು. ಹಿಡಿಗಳ ಬೆನ್ನು ಬಾಗಿದೆ. ಮೆತ್ತಗಾದ ಮೇಲೆ ಹಲಗೆ ಮೇಲೆ ಒತ್ತಿ ಹಿಡಿ. ಆರಿದ ಮೇಲೆ ತೂತು ಉಜ್ಜು."

ಅವನು ಪಾತ್ರೆಯೊಳಗೆ ನೋಡಿದ. ತಳದಲ್ಲಿ ಏನೋ ಕಪ್ಪಗೆ ಕರಗಿ, ಮಡಿಚಿಕೊಂಡು, ಕಚ್ಚಿ ಕೂತಿತ್ತು.

"ಇದೇನು?"

"ನಿನ್ನ ಮಾಲು. ಅವರ ಎದೆಬಡಿತ ನಿಂತಾಗ ಒಲೆ ಮೇಲಿತ್ತು. ನೀರೆಲ್ಲ ಇಂಗಿಹೋದ ಮೇಲೆ ವಾಸನೆ ಬಂತು, ಆಗ ನಾನು ಓಡಿ ಬಂದೆ. ಬೈಯೋಕೆ ಅಂತ ಬಂದೆ ಕಣೋ! ಪಾತ್ರೆ ಹಾಳು ಮಾಡಿದ್ರಿ ಅಂತ ಬೈತಾನೇ ಬಂದೆ." ಅವಳ ದನಿ ಒಡೆಯಿತು. ಒಡೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಸರಿಯಾಗಿ ನೋಡು. ಒಂದು ಮೂಲೆ ಇನ್ನೂ ಉಳಿದಿದೆ."

ಉಳಿದಿದ್ದ ಮೂಲೆಯಲ್ಲಿ ಕಚ್ಚು ಸ್ಪಷ್ಟವಾಗಿತ್ತು. ಮೈದುನ ಪಾತ್ರೆಯನ್ನು ಕೆಳಗಿಡಲೂ ಆಗದೆ ಹಿಡಿದುಕೊಳ್ಳಲೂ ಆಗದೆ ನಿಂತ. ಆಮೇಲೆ ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಇನ್ನೊಂದು ಪಾತ್ರೆ ಹುಡುಕಿ ನೀರಿಟ್ಟ.

ಹೊರಗೆ ವಾಹನ ಕಾಯುತ್ತಿತ್ತು. ಜನ ಅಂಗಳಕ್ಕಿಳಿದು, ಮತ್ತೆ ಒಳಗೆ ಬಂದು, ಏನು ಮಾಡಬೇಕೆಂದು ತಿಳಿಯದೆ ಪಿಸುಗುಟ್ಟಿದರು. "ತಲೆ ಕೆಟ್ಟಿದೆ ಪಾಪ" ಎಂದರು ಯಾರೋ. "ಕೆಟ್ಟಿಲ್ಲ, ಈಗ ಸರಿಯಾಗಿದೆ" ಎಂದ ಡ್ರೈವರ್. ಪೆಟ್ಟಿಗೆಯವನು ಗಡಿಯಾರ ನೋಡಿದಾಗ ಡ್ರೈವರೇ ಅವನ ಕಡೆ ಕಣ್ಣು ಬಿಟ್ಟ.

ಅಣ್ಣನ ಮೇಜಿನ ಮುಂದೆ ಕೂತು ಮೈದುನ ಅರ ಹಿಡಿದ. ಇಷ್ಟು ವರ್ಷ ಪ್ಲಾಸ್ಟಿಕ್ಕಿನಲ್ಲೇ ಬದುಕಿದವನಿಗೆ ಅರ ಹಿಡಿಯಲು ಬರುತ್ತಿರಲಿಲ್ಲ. ಉಜ್ಜಬೇಕಾದ ಕಡೆ ಉಜ್ಜದೆ, ಬೇಡದ ಕಡೆ ಗೀರು ಹಾಕಿದ. ಹೆಬ್ಬೆರಳು ಕೊಯ್ದುಕೊಂಡ. ಅತ್ತಿಗೆ ಕೈ ಕಟ್ಟಿ ನೋಡುತ್ತ ನಿಂತಳು. ಅವಳಾಗಿದ್ದರೆ ಆರನ್ನೂ ಆಗಲೇ ಮುಗಿಸಿರುತ್ತಿದ್ದಳು. ಕೈ ತುರಿಸುತ್ತಿತ್ತು. ಮುಟ್ಟಲಿಲ್ಲ.

"ಮುಂದಕ್ಕೆ ಮಾತ್ರ ಒತ್ತು. ಹಿಂದಕ್ಕೆ ಬರುವಾಗ ಎತ್ತು" ಎಂದಳು ಒಮ್ಮೆ, ತಡೆಯಲಾರದೆ.

ಒಂದು ಹಿಡಿ ಕೂತಿತು. ಎರಡನೆಯದು ಕೂತಿತು. ಅವನ ಹಣೆಯ ಮೇಲೆ ಬೆವರು, ಕಣ್ಣಲ್ಲಿ ನೀರು. ಎರಡನ್ನೂ ಬಿಳಿ ಪುಡಿ ಮೆತ್ತಿದ ತೋಳಿನಿಂದಲೇ ಒರೆಸಿಕೊಂಡ. ಐದನೆಯದಕ್ಕೆ ಬಂದಾಗ ಸ್ಕ್ರೂವಿನ ಕೊನೆಯ ಸುತ್ತನ್ನು, ಅವಳು ಹೇಳುವ ಮೊದಲೇ, ಬರೀ ಬೆರಳಲ್ಲಿ ತಿರುಗಿಸಿದ. ಆರನೆಯದನ್ನು ಆರುವ ಮೊದಲೇ ಅವಸರದಲ್ಲಿ ಉಜ್ಜಲು ಹೋಗಿ ಮುರಿದ. ಪೆಟ್ಟಿಗೆಯವನ ಚೀಲದಲ್ಲಿ ಇನ್ನೊಂದಿರಲಿಲ್ಲ.

"ಅತ್ತಿಗೆ..."

"ಇನ್ನೇನು, ನೀನಿದ್ದೀಯಲ್ಲ" ಎಂದಳು ಅವಳು.

ಅವನ ಮುಖ ಬಿಳಿಚಿತು. ಅವಳಿಗೆ ಅಯ್ಯೋ ಅನಿಸಲಿಲ್ಲ. ಪೆಟ್ಟಿಗೆಯ ಕಡೆ ತಿರುಗಿ, ಮುಚ್ಚಳ ಹಾಕುವ ಮುಂಚೆ ಗಂಡನ ಮುಖವನ್ನು ಕೊನೆಯ ಸಲ ನೋಡಿದಳು. ಅಷ್ಟೇ ನೆಮ್ಮದಿಯ ಮುಖ, ಯಾರಿಗೂ ಬೇಡ ಎನ್ನಲು ಬಾರದ ಮುಖ. "ನೀವೂ ಕಡಿಮೆಯವರಲ್ಲ" ಎಂದು ಅವನಿಗೂ ಬೈದಳು. ಆಗ ಮಾತ್ರ ಅತ್ತಳು.

*

ಐದು ಹಿಡಿಗಳನ್ನು ಐದು ಜನ ಹಿಡಿದರು. ಹಿಡಿಯಿಲ್ಲದ ಜಾಗ ಒಂದು ಮೂಲೆಯಲ್ಲಿತ್ತು, ತಲೆಯ ಕಡೆಗೆ, ಭಾರ ಹೆಚ್ಚಿರುವಲ್ಲಿ. ಮೈದುನ ಅಲ್ಲಿ ಬರಿಗೈಯನ್ನು ಪೆಟ್ಟಿಗೆಯಡಿ ಕೊಟ್ಟು ಹೊತ್ತ. ಮನೆಯ ಮೆಟ್ಟಿಲಿಳಿದು, ಆಮೇಲೆ ಸ್ಮಶಾನದ ಗೇಟಿನಿಂದ ಕಲ್ಲುಹಾದಿಯುದ್ದಕ್ಕೂ. ಜಾಗ ಬದಲಿಸಿಕೊಳ್ಳೋಣವೇ ಎಂದು ಡ್ರೈವರ್ ಎರಡು ಸಲ ಕೇಳಿದ. ಅವನು ತಲೆಯಾಡಿಸಿ ಬೇಡವೆಂದ.

ಗುಂಡಿಯ ಮೇಲೆ ಅಡ್ಡಲಾಗಿ ಹಲಗೆಗಳಿದ್ದವು. ಪೆಟ್ಟಿಗೆಯನ್ನು ಅವುಗಳ ಮೇಲಿಳಿಸಿ ಐವರೂ ಹಿಂದೆ ಸರಿದರು. ಮೈದುನ ಸರಿಯಲಿಲ್ಲ. ಬಗ್ಗಿಕೊಂಡೇ ಇದ್ದ. ಪ್ರಾರ್ಥಿಸುತ್ತಿದ್ದಾನೆಂದು ಎಲ್ಲರೂ ತಲೆ ತಗ್ಗಿಸಿದರು.

ಹತ್ತಿರ ನಿಂತಿದ್ದ ಅತ್ತಿಗೆಗೆ ಮಾತ್ರ ಕಂಡಿತು. ಅವನ ನಾಲ್ಕೂ ಬೆರಳು ಪೆಟ್ಟಿಗೆಗೂ ಹಲಗೆಗೂ ನಡುವೆ ಸಿಕ್ಕಿಕೊಂಡಿದ್ದವು.

"ಸ್ವಲ್ಪ ಎತ್ತಿ, ಅತ್ತಿಗೆ" ಎಂದ ಅವನು, ಹಲ್ಲು ಕಚ್ಚಿ, ಅವಳಿಗಷ್ಟೇ ಕೇಳುವಂತೆ.

ಅವಳು ಬಗ್ಗಿ, ಪಕ್ಕದಲ್ಲಿದ್ದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಕೂಡಲೇ ಎತ್ತಲಿಲ್ಲ. ಹೆಬ್ಬೆರಳಿನಿಂದ ಅದರ ಎರಡು ಸ್ಕ್ರೂಗಳನ್ನು ಒಂದೊಂದಾಗಿ ಸವರಿ ನೋಡಿದಳು. ಎರಡೂ ಅಲುಗದೆ, ಹಿಡಿಗೆ ಸಮನಾಗಿ ಕೂತಿದ್ದವು.